ಪ್ರಶ್ನೋತ್ತರ: ಗರ್ಭ ನಿಲ್ಲದಿದ್ದರೆ ತಪ್ಪು ಯಾರದು?

(ಹುಬ್ಬಳ್ಳಿ-ಧಾರವಾಡ ಮಹಿಳೆಯರ ಗುಂಪು. ಉತ್ತರಿಸುವವರು ಹುಬ್ಬಳ್ಳಿಯ ಸ್ತ್ರೀರೋಗ ತಜ್ಞೆ.)

ಧಾರವಾಡದ ಸದಸ್ಯೆ: ಮೇಡಂ, ನನಗೆ 38. ಎರಡು ಸಲ ಗರ್ಭಪಾತ ಆಯಿತು. ಎರಡನೇ ಸಲ ಪರೀಕ್ಷೆಯಲ್ಲಿ ‘ಟ್ರೈಸೋಮಿ 16’ ಅಂತ ಬಂತು. ಪಪ್ಪಾಯಿ ತಿಂದದ್ದಕ್ಕೇ ಹೀಗಾಯಿತು ಅಂತ ಅತ್ತೆ ದಿನಾ ಅನ್ನುತ್ತಾರೆ. ನನ್ನದೇ ತಪ್ಪಾ?

ಡಾಕ್ಟರ್: ಅಲ್ಲವೇ ಅಲ್ಲ, ತಂಗಿ. ಅತ್ತೆಯವರಿಗೂ ಇದನ್ನು ಓದಿ ಹೇಳಿ. ನಿಮ್ಮ ಅಂಡಾಣುಗಳು ತಯಾರಾದದ್ದು ನೀವು ನಿಮ್ಮ ಅವ್ವನ ಹೊಟ್ಟೆಯಲ್ಲಿದ್ದಾಗ. ಆಗ ಶುರುವಾದ ಕ್ರೋಮೋಸೋಮ್ (ವಂಶವಾಹಿಗಳನ್ನು ಹೊತ್ತ ಎಳೆಗಳು) ಹಂಚಿಕೆ ಅರ್ಧಕ್ಕೇ ನಿಂತಿರುತ್ತದೆ. ಅಂಡಾಣು ಬಿಡುಗಡೆ ಆಗುವ ಮುಂಚಿನ ಕೆಲವು ಗಂಟೆಗಳಲ್ಲಿ ಮತ್ತೆ ಮುಂದುವರಿಯುತ್ತದೆ. ಅಂದರೆ ನಿಮ್ಮಲ್ಲಿ ಅದು 38 ವರ್ಷ ಕಾದಿದೆ. ಅಷ್ಟೂ ದಿನ 23 ಜೋಡಿಗಳನ್ನು ಹಿಡಿದಿಡುವುದು ಕೊಹೆಸಿನ್ ಎಂಬ ಪ್ರೋಟೀನು. ಜೋಡೆತ್ತು ಕಟ್ಟಿದ ಹಗ್ಗ ಅಂದುಕೊಳ್ಳಿ. ಸಮಯ ಬಂದಾಗ ಹಗ್ಗ ಕತ್ತರಿಸಿ, ಒಂದು ಎತ್ತು ಅಂಡಾಣುವಿನಲ್ಲಿ ಉಳಿಯಬೇಕು, ಇನ್ನೊಂದು ಹೊರಗೆ ಹೋಗುವ ಪುಟ್ಟ ಕೋಶಕ್ಕೆ ಸೇರಬೇಕು. ಇಲಿಗಳಲ್ಲಿ ನೋಡಿದರೆ ಈ ಹಗ್ಗವನ್ನು ದೇಹ ಹೊಸದಾಗಿ ಹೊಸೆಯುವುದು ಇಲ್ಲವೆಂಬಷ್ಟು ಕಡಿಮೆ. ಹಳೆಯ ಹಗ್ಗ ಸವೆದು ಮೊದಲೇ ಬಿಟ್ಟರೆ ಎರಡೂ ಒಂದೇ ಕಡೆ ಹೋಗಬಹುದು. ತಂದೆಯದೊಂದು ಸೇರಿ ಮೂರಾಗುತ್ತದೆ. ಟ್ರೈಸೋಮಿ 16 ಅಂದರೆ ಇದೇ, 16ನೆಯ ಕ್ರೋಮೋಸೋಮ್ ಮೂರಾಗಿರುವುದು. ಅಂಥ ಗರ್ಭ ಉಳಿಯುವುದಿಲ್ಲ. ಮೊದಲ ಮೂರು ತಿಂಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಕ್ರೋಮೋಸೋಮ್ ಎಣಿಕೆ ತಪ್ಪಿದ್ದೇ ಕಾರಣ. ಪಪ್ಪಾಯಿಗೆ ಆ ಹಗ್ಗ ಮುಟ್ಟುವ ದಾರಿಯೇ ಇಲ್ಲ.

ಹಾವೇರಿ ಸದಸ್ಯೆ: ನನಗೆ 24 ಮೇಡಂ. ಮೊದಲ ಮಗುವಿಗೆ ಡೌನ್ ಸಿಂಡ್ರೋಮ್. ರಿಪೋರ್ಟಿನಲ್ಲಿ ‘14;21 ಟ್ರಾನ್ಸ್‌ಲೊಕೇಶನ್’ ಅಂತಿದೆ. ಇನ್ನೊಂದು ಮಗು ಆಗಬಹುದಾ?

ಗದಗದ ಸದಸ್ಯೆ: ಅಂಡಾಣು ಸುಧಾರಿಸುವ ಮಾತ್ರೆ ಇದೆಯಾ?

ಡಾಕ್ಟರ್: ಸವೆದ ಹಗ್ಗ ಸರಿಮಾಡುವ ಮಾತ್ರೆ ಇಲ್ಲ.

ಗದಗದ ಹಿರಿಯರು: ಫಾರ್ವರ್ಡ್ ಬಂದಿದೆ. ಕರಿ ಎಳ್ಳಿನ ಕಷಾಯ 21 ದಿನ ಕುಡಿದರೆ ಅಂಡಾಣು ಶುದ್ಧಿ. ಇಂಗ್ಲಿಷ್ ಮಾತ್ರೆ ಎಲ್ಲ ನಿಲ್ಲಿಸಬೇಕಂತೆ.

ಡಾಕ್ಟರ್: ದಯವಿಟ್ಟು ಇದನ್ನು ತೆಗೆಯಿರಿ. ಎಳ್ಳು ತಿನ್ನಿ, ಬೇಡ ಅನ್ನುವುದಿಲ್ಲ. ಆದರೆ ಇದನ್ನು ಓದಿ ಯಾರಾದರೂ ಫೋಲಿಕ್ ಆಸಿಡ್ ಬಿಟ್ಟರೆ ಮಗುವಿನ ಬೆನ್ನುಹುರಿಗೆ ಅಪಾಯ. ಥೈರಾಯ್ಡ್ ಮಾತ್ರೆ ಬಿಟ್ಟರೂ ಕಷ್ಟ.

ಗದಗದ ಹಿರಿಯರು: ಮೂಲ ಕಾರಣ ಬೇರೆ. ಹುಡುಗಿಯರು ಓದು ಓದು ಅಂತ 30 ದಾಟಿಸುತ್ತಾರೆ.

ನವನಗರದ ಸದಸ್ಯೆ: ನೌಕರಿ ಇಲ್ಲದ ಹುಡುಗಿ ಬೇಡ ಅನ್ನೋರೂ ನೀವೇ ಅಲ್ವಾ ರೀ?

ಗದಗದ ಹಿರಿಯರು: ಹಿರಿಯರ ಜೊತೆ ಮಾತಾಡುವ ರೀತಿಯಾ ಇದು?

ನವನಗರದ ಸದಸ್ಯೆ: ಗರ್ಭ ಕಳೆದುಕೊಂಡವಳ ಮುಂದೆ ಆಡುವ ಮಾತಾ ಅದು?

ಕುಂದಗೋಳದ ಸದಸ್ಯೆ: ಹುಬ್ಬಳ್ಳಿಯಲ್ಲಿ ಈ ಪರೀಕ್ಷೆಗೆ ಎಷ್ಟಾಗುತ್ತದೆ ಮೇಡಂ?

ಇನ್ನೊಬ್ಬರು: ಅಂಡಾಣುವಿಗೆ ಮಾತ್ರೆ?

ಡಾಕ್ಟರ್: ಮೇಲೆ ಹೇಳಿದ್ದೇನೆ. ಓದಿ. ಜಗಳ ಸಾಕು, ಹಾವೇರಿಯವರ ಪ್ರಶ್ನೆ ಕೆಳಗೆ ಬಿದ್ದುಹೋಯಿತು. ತಂಗಿ, ನಿಮ್ಮದು ವಯಸ್ಸಿನ ಮಾತಲ್ಲ. ಡೌನ್ ಸಿಂಡ್ರೋಮ್ ಅಂದರೆ 21ನೆಯ ಕ್ರೋಮೋಸೋಮ್ ಹೆಚ್ಚಾಗಿರುವುದು. ನಿಮ್ಮ ಮಗುವಿನಲ್ಲಿ ಆ ಹೆಚ್ಚಿನ 21ನೆಯದು 14ಕ್ಕೆ ಅಂಟಿಕೊಂಡಿದೆ. ಹಾಗೆ ಅಂಟಿದ್ದು ತಂದೆಯಲ್ಲೋ ತಾಯಿಯಲ್ಲೋ ಸದ್ದಿಲ್ಲದೆ ಇರಬಹುದು. ತಾಯಿಯಲ್ಲಿದ್ದರೆ ಮುಂದಿನ ಸಲ ಮತ್ತೆ ಆಗುವ ಸಾಧ್ಯತೆ 100ಕ್ಕೆ 10-15. ತಂದೆಯಲ್ಲಿದ್ದರೆ ತುಂಬಾ ಕಡಿಮೆ. ಇಬ್ಬರಲ್ಲೂ ಇಲ್ಲದಿದ್ದರೆ ಇನ್ನೂ ನಿರಾಳ. ಇನ್ನೊಂದು ಗರ್ಭಕ್ಕೆ ಮುಂಚೆ ಕ್ಯಾರಿಯೋಟೈಪ್ (ಕ್ರೋಮೋಸೋಮ್‌ಗಳನ್ನು ನೋಡುವ) ರಕ್ತ ಪರೀಕ್ಷೆ ಮಾಡಿಸಲೇಬೇಕು.

ಹಾವೇರಿ ಸದಸ್ಯೆ: ನಿನ್ನದಷ್ಟೇ ಕೊಟ್ಟರೆ ಸಾಕು ಅಂತಾರೆ ಮನೆಯವರು.

ಡಾಕ್ಟರ್: ಇಬ್ಬರದೂ. ಬೇಕಾದರೆ ಅವರಿಗೆ ನನ್ನ ಜೊತೆ ಮಾತಾಡಲು ಹೇಳಿ.