ಪದ ಬೇಕು: ಪ್ಲೇಟಿಂಗ್ ಆದ ಪ್ಲಾಸ್ಟಿಕ್ಕಿಗೆ ‘ಗಟ್ಟಿ’ ಅನ್ನಬಹುದೇ?

> ಮಾಚೇನಹಳ್ಳಿಯ ಒಂದು ಕಾರ್ಖಾನೆಗೆ ಬೋರ್ಡ್ ಬರೆಯುತ್ತಿದ್ದೇನೆ. ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ‘ಪ್ಲೇಟಿಂಗ್ ಆದ ಎಬಿಎಸ್ ಪ್ಲಾಸ್ಟಿಕ್ ಗಟ್ಟಿಯಾಗುತ್ತದೆ, ಆದರೆ ಬೀಳಿಸಬೇಡಿ’ ಅಂತ ಬರೆದೆ. ‘ಗಟ್ಟಿ ಇದ್ರೆ ಬಿದ್ರೇನು?’ ಅಂತಾರೆ ಹುಡುಗರು. ಪ್ಲಾಸ್ಟಿಕ್ಕಿನ ಮೇಲೆ ಲೋಹದ ತೆಳು ಪದರ ಕೂರಿಸುವ ಈ ಪ್ಲೇಟಿಂಗಿಗೆ ಕಲಾಯಿ ಅನ್ನಬಹುದಾ? ಮೇಷ್ಟ್ರು ಅದೇ ಅಚ್ಚಗನ್ನಡ ಅಂದರು.

ಕಲಾಯಿ ಬೇಡ. ತಾಮ್ರದ ಪಾತ್ರೆ ಕಾಯಿಸಿ, ನವಸಾಗರ ಹಾಕಿ, ತವರ ಸವರುವುದು ಕಲಾಯಿ. ತವರ ಕರಗುವುದು 232 ಡಿಗ್ರಿಗೆ. ಆ ಬಿಸಿಗೆ ಎಬಿಎಸ್ ಮುದ್ದೆಯಾಗುತ್ತದೆ. ಮೇಷ್ಟ್ರೇ, ಕಲಾಯಿ ಅಚ್ಚಗನ್ನಡವೂ ಅಲ್ಲ, ಅರಬ್ಬಿ ಮೂಲದ್ದು. ಅದು ನಮ್ಮದಾಗಿದೆ ಅಂದಮೇಲೆ ಪ್ಲೇಟಿಂಗ್ ಯಾಕೆ ಆಗಬಾರದು? ಗ್ಯಾರೇಜಿನಲ್ಲಿ ಯಾರನ್ನು ಕೇಳಿದರೂ ಅದೇ ಮಾತು. ಪ್ಲೇಟಿಂಗ್ ಅಂತಲೇ ಬರೆಯಿರಿ.

ತೊಡಕಿರುವುದು ‘ಗಟ್ಟಿ’ಯಲ್ಲಿ. ಬಾಗದ್ದೂ ಗಟ್ಟಿ, ಗೀರು ಬೀಳದ್ದೂ ಗಟ್ಟಿ, ಒಡೆಯದ್ದೂ ಗಟ್ಟಿ. ಪ್ಲೇಟಿಂಗ್ ಮೊದಲೆರಡನ್ನು ಕೊಡುತ್ತದೆ, ಮೂರನೆಯದನ್ನು ಕಿತ್ತುಕೊಳ್ಳುತ್ತದೆ. ಬಾಗಿಸಲು ಹೋದರೆ ಪ್ಲೇಟಿಂಗಿನ ನಿಕ್ಕಲ್ ಎಬಿಎಸ್‌ಗಿಂತ ಸುಮಾರು 100 ಪಟ್ಟು ಬಿಗಿ. ಬಾಗುವಾಗ ಎಳೆತ ಜಾಸ್ತಿ ಇರುವುದು ಹೊರಮೈಯಲ್ಲೇ ಅಲ್ವಾ, ಹಾಗಾಗಿ ತೆಳು ಪದರವೇ ಸಾಕು.

ಏಟಿನ ಕಥೆ ಬೇರೆ. ಎಬಿಎಸ್ ಒಳಗೆ ರಬ್ಬರಿನ ಸಣ್ಣ ಸಣ್ಣ ಕಣಗಳಿರುತ್ತವೆ, ಏಟು ತಾಳುವುದು ಅವೇ. ಪ್ಲೇಟಿಂಗಿಗೆ ಮೊದಲು ಆಸಿಡ್‌ನಲ್ಲಿ ಅದ್ದಿದಾಗ ಮೇಲ್ಮೈಯ ಕಣಗಳು ಕರಗಿ ಗುಳಿ ಬೀಳುತ್ತವೆ. ಲೋಹ ಕಚ್ಚಿಕೊಳ್ಳುವುದು ಆ ಗುಳಿಗಳಲ್ಲಿ. ಮೇಲಿನ ನಿಕ್ಕಲ್, ಕ್ರೋಮ್ ಹಿಗ್ಗುವ ಜಾತಿಯವಲ್ಲ. ಜೋರು ಏಟಿಗೆ ಮೊದಲು ಅವು ಸೀಳುತ್ತವೆ. ಲೋಹ ಚೆನ್ನಾಗಿ ಕಚ್ಚಿಕೊಂಡಿದ್ದರೆ ಆ ಬಿರುಕೇ ಪ್ಲಾಸ್ಟಿಕ್ಕಿಗೂ ಇಳಿಯುತ್ತದೆ.

ಹೀಗೆ ಬಾಗದೆ ಸೀಳಿಬಿಡುವ ಗುಣಕ್ಕೆ ‘ಪೆಡಸು’ ಸರಿಯಾದ ಪದ. ಹಳೇ ರಬ್ಬರ್ ಪೆಡಸಾಗಿದೆ ಅನ್ನುವುದಿಲ್ಲವೇ? ನಿನ್ನೆ ಯಾರೋ ‘ಭಿದುರತೆ’ ಅಂದಿದ್ದರು. ಬೇಡವೇ ಬೇಡ, ಕೈಗೆ ಗಾಯವಾಗದಿರಲಿ ಅಂತ ಕೆಲಸಗಾರರು ಓದುವ ಬೋರ್ಡ್ ಅದು. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಸೀಮೆ ನಮ್ಮದು. ಫರ್ನೇಸು, ಶಿಫ್ಟು ಅಂದು ಕನ್ನಡವೇನೂ ಕೆಡಲಿಲ್ಲ. ಕೆಲಸಗಾರರ ಮಾತನ್ನು ಸುಮ್ನೆ ತಿದ್ದಬೇಡಿ.

ಹೀಗೆ ಹಾಕಿ: ‘ಪ್ಲೇಟಿಂಗ್ ಆದ ಭಾಗ ಸುಲಭಕ್ಕೆ ಬಾಗುವುದಿಲ್ಲ, ಆದರೆ ಪೆಡಸಾಗಿರುತ್ತದೆ. ಬಿದ್ದರೆ ಬಿರುಕು ಬಿಡುತ್ತದೆ.’ ಬಿರುಕಿನ ಅಂಚು ಬ್ಲೇಡಿನಷ್ಟು ಹರಿತ, ‘ಒಡೆದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ’ ಅಂತಲೂ ಸೇರಿಸಿ.