ಫ್ಲೈ ರೀಲ್‌ಗೆ ಬ್ಯಾಕಿಂಗ್: 20 ಪೌಂಡಾ, 30 ಪೌಂಡಾ, ಜೆಲ್ ಸ್ಪನ್ನಾ? ಗಂಟು ಯಾವುದು?

ಹೊಸಗಾಳ:

ಎಲ್ಲರಿಗೂ ನಮಸ್ಕಾರ. ಇಷ್ಟು ದಿನ ಸ್ಪಿನ್ನಿಂಗ್ ರಾಡ್‌ನಲ್ಲೇ ಮೀನು ಹಿಡಿಯುತ್ತಿದ್ದೆ. ಈಗ ಫ್ಲೈ ಫಿಶಿಂಗ್ (ಹುಳದಂತೆ ಕಟ್ಟಿದ ಹಗುರ ಗಾಳ, ಅಂದರೆ ಫ್ಲೈಯನ್ನು ದಪ್ಪ ಲೈನಿನ ಭಾರದಿಂದ ಎಸೆಯೋದು) ಕಲಿಯೋಣ ಅಂತ 6 ವೇಟ್ (ಲೈನಿನ ಭಾರದ ನಂಬರ್) ರಾಡ್ ತಗೊಂಡಿದ್ದೇನೆ. ರೀಲ್ ಮಾತ್ರ ಸೆಕೆಂಡ್ ಹ್ಯಾಂಡ್. ಅದರೊಳಗೆ ಯಾರೋ ಸುತ್ತಿಟ್ಟ ಬಿಳಿ ಬ್ಯಾಕಿಂಗ್ (ಫ್ಲೈ ಲೈನಿನ ಹಿಂದೆ, ಸ್ಪೂಲಿನ ಅಡಿಯಲ್ಲಿ ಸುತ್ತುವ ದಾರ) ಇದೆ, ಎಷ್ಟು ಉದ್ದ ಅಂತ ಗೊತ್ತಿಲ್ಲ. ಫ್ಲೈ ಲೈನ್ ಹೊಸದು, ವೇಟ್ ಫಾರ್ವರ್ಡ್ ಫ್ಲೋಟಿಂಗ್, ಅಂದರೆ ಭಾರ ಮುಂಭಾಗದಲ್ಲಿರುವ ತೇಲುವ ಲೈನ್. ಎರಡೂ ತುದಿಯಲ್ಲಿ ಕಂಪನಿಯವರೇ ಮಾಡಿಕೊಟ್ಟ ಕುಣಿಕೆ ಇದೆ.

ಓದಿದಷ್ಟೂ ತಲೆ ಕೆಡುತ್ತಿದೆ. ಒಬ್ಬರು 20 ಪೌಂಡ್ (ಹರಿಯುವ ಮುನ್ನ ತಡೆಯುವ ಎಳೆತ) ಡಾಕ್ರಾನ್, ಅಂದರೆ ಪಾಲಿಯೆಸ್ಟರ್ ದಾರ ಸಾಕು ಅಂತಾರೆ. ಇನ್ನೊಬ್ಬರು ಜೆಲ್ ಸ್ಪನ್ (ತೆಳುವಾದರೂ ತುಂಬಾ ಗಟ್ಟಿಯಾದ ಪಾಲಿಎಥಿಲೀನ್ ದಾರ) ಬಿಟ್ಟು ಬೇರೇನೂ ಮುಟ್ಟಬೇಡಿ ಅಂತಾರೆ. ಮನೆಯಲ್ಲಿ ನೈಲಾನ್ ಲೈನ್‌ನ ಉರುಳೆ ಬಿದ್ದಿದೆ, ಅದನ್ನೇ ಸುತ್ತಿಬಿಟ್ಟರೆ ಆಗಲ್ವಾ? ಗಂಟಿನ ವಿಷಯ ಇನ್ನೂ ಗೋಜಲು. ಆರ್ಬರ್, ಆಲ್‌ಬ್ರೈಟ್, ನೇಲ್, ಸರ್ಜನ್, ಬ್ಲಡ್, ಕ್ಲಿಂಚ್. ಇಷ್ಟೂ ಕಲಿಯಲೇಬೇಕಾ? ನಾನು ಹಿಡಿಯೋದು ಸಿಹಿನೀರಿನಲ್ಲಿ, ಮಧ್ಯಮ ಗಾತ್ರದ ಮೀನು.

ಹರಿವನೀರು:

ಸುಮ್ನೆ 20 ಪೌಂಡ್ ಡಾಕ್ರಾನ್ ಹಾಕಿ, ನೀರಿಗೆ ಇಳಿಯಿರಿ ಸರ್. ನನ್ನ ಬ್ಯಾಕಿಂಗ್ ಹಗಲು ಬೆಳಕು ನೋಡಿದ್ದೇ ಅಪರೂಪ. ನೈಲಾನ್ ಮಾತ್ರ ಬೇಡ.

ರೀಲ್ ರಿಪೇರಿ:

ಹರಿವನೀರು ಹೇಳಿದ್ದು ಸರಿ, ಆದರೆ ಯಾಕೆ ಅಂತ ಹೇಳಲಿಲ್ಲ. ಊರವರ ರೀಲೆಲ್ಲ ಬಿಚ್ಚಿ ಸುತ್ತುವುದು ನನ್ನ ಕೆಲಸ, ಹಾಗಾಗಿ ಉದ್ದ ಬರೆಯುತ್ತೇನೆ. ಬೇಜಾರಾದರೆ ದಾಟಿಸಿ ಓದಿ.

ಎಲ್ಲರೂ ಬ್ಯಾಕಿಂಗ್ ಎಷ್ಟು ಗಟ್ಟಿ ಅಂತಲೇ ಕೇಳುತ್ತಾರೆ. ನಿಮ್ಮ ರೀಲ್‌ನಲ್ಲಿ ಅದು ಎಷ್ಟು ಜಾಗ ತುಂಬುತ್ತೆ ಅಂತ ಕೇಳುವವರು ಕಮ್ಮಿ. ನಿಮಗೆ ಬೇಕಾದ ಲೆಕ್ಕ ಅದೇ. ಮೀನಿನಿಂದ ಹಿಂದಕ್ಕೆ ಬನ್ನಿ. ನೀವು 3ಎಕ್ಸ್ ಟಿಪ್ಪೆಟ್ (ಫ್ಲೈ ಕಟ್ಟುವ ತುದಿಯ ತೆಳು ಎಳೆ, ಎಕ್ಸ್ ಅದರ ದಪ್ಪದ ನಂಬರ್) ಕಟ್ಟಿದ್ದೀರಿ ಅಂತಿಟ್ಟುಕೊಳ್ಳಿ. ನೈಲಾನ್ ಆದರೆ ಅದರ ಬಲ ಎಂಟು ಪೌಂಡ್ ಆಸುಪಾಸು. ಫ್ಲೈ ಲೈನ್‌ನ ಒಳಗಿನ ಎಳೆ ಸಾಮಾನ್ಯವಾಗಿ 20ರಿಂದ 30 ಪೌಂಡ್. ಅದರ ಹಿಂದೆ 80 ಪೌಂಡ್ ಬ್ಯಾಕಿಂಗ್ ಹಾಕಿದರೂ ಮೊದಲು ಹರಿಯೋದು ಟಿಪ್ಪೆಟ್ಟೇ. ಹರಿಯಬೇಕಾದ್ದೂ ಅದೇ. ಹಿಂದಿನ ಗಂಟು ಬಿಟ್ಟುಕೊಂಡರೆ ಮೀನು ಇಡೀ ಲೈನನ್ನೇ ಬಾಯಲ್ಲಿ ಎಳೆದುಕೊಂಡು ಹೋಗುತ್ತೆ. ಅದು ಎಲ್ಲೋ ಬೇರಿಗೆ ಸಿಕ್ಕಿಕೊಂಡು ಸಾಯುತ್ತೆ. ಲೈನಿನ ದುಡ್ಡು ಹೋದರೆ ಹೋಗಲಿ, ಇದು ಪಾಪ.

ಹಾಗಾದರೆ ಬ್ಯಾಕಿಂಗ್ ಯಾತಕ್ಕೆ? ಮೀನು ದೂರ ಓಡಿದಾಗ ಕೈಯಲ್ಲಿ ಇನ್ನೂ ದಾರ ಇರಲಿ ಅಂತ, ಅದು ಒಂದು. ಫ್ಲೈ ಲೈನ್ ಇರೋದೇ 27 ಮೀಟರ್ ಆಚೀಚೆ. ಆದರೆ ದಿನನಿತ್ಯದ ಉಪಯೋಗ ಬೇರೆ: ಸ್ಪೂಲನ್ನು ದಪ್ಪ ಮಾಡುವುದು. ಸುತ್ತಿನ ವ್ಯಾಸ 4 ಸೆಂ.ಮೀ. ಇದ್ದಾಗ ಹಿಡಿಯನ್ನು ಒಮ್ಮೆ ತಿರುಗಿಸಿದರೆ ಒಳಗೆ ಬರೋದು ಹನ್ನೆರಡೂವರೆ ಸೆಂ.ಮೀ. ಲೈನ್. ಅದೇ 7 ಸೆಂ.ಮೀ. ತನಕ ತುಂಬಿದ್ದರೆ 22 ಸೆಂ.ಮೀ. ಮೀನು ನಿಮ್ಮ ಕಡೆಗೇ ಓಡಿ ಬಂದಾಗ ಈ ವ್ಯತ್ಯಾಸ ಗೊತ್ತಾಗುತ್ತೆ. ಜೊತೆಗೆ ಬಿಗಿಯಾದ ಸಣ್ಣ ಸುತ್ತಿನಲ್ಲಿ ಕೂತ ಫ್ಲೈ ಲೈನ್ ಸುರುಳಿ ಸುರುಳಿಯಾಗಿ ನೀರಿಗೆ ಬೀಳುತ್ತೆ. ತಣ್ಣಗಿನ ಬೆಳಗ್ಗೆ ಇನ್ನೂ ಜಾಸ್ತಿ.

ಆದ್ದರಿಂದ ನಿಮಗೆ 20 ಪೌಂಡ್ ಡಾಕ್ರಾನ್. ಹೆಣೆದ ದಾರ, ಮೆತ್ತಗೆ, ಬೆರಳಿಗೆ ಹಿತ, ಗಂಟು ಜಾರಲ್ಲ. 30 ಪೌಂಡಿನದು ದಪ್ಪ, ಜಾಗ ಬೇಗ ತಿನ್ನುತ್ತೆ. ದೊಡ್ಡ ರೀಲಿಗೆ, ಸಾಲ್ಮನ್ ಥರದ ದೊಡ್ಡ ಮೀನಿಗೆ ಸರಿ. ನೈಲಾನ್ ಉರುಳೆಯನ್ನು ಅಲ್ಲೇ ಬಿಡಿ. ನೈಲಾನ್ ಹಿಗ್ಗುತ್ತೆ. ಎಳೆತದಲ್ಲಿ ಹಿಗ್ಗಿದ್ದು ಹಾಗೇ ಸ್ಪೂಲ್ ಮೇಲೆ ಸುತ್ತಿಕೊಂಡು, ಆಮೇಲೆ ಕುಗ್ಗೋಕೆ ನೋಡುತ್ತೆ. ಪದರದ ಮೇಲೆ ಪದರ ಹಾಗೆ ಅಮುಕಿದರೆ ತೆಳು ಸ್ಪೂಲಿನ ಅಂಚು ಸೊಟ್ಟಗಾಗುತ್ತೆ. ಅಂಥ ಸ್ಪೂಲ್ ರಿಪೇರಿಗೂ ಬರಲ್ಲ, ನನಗೂ ಸಂಪಾದನೆ ಇಲ್ಲ.

ಎಷ್ಟು ಉದ್ದ? ರೀಲಿನ ಮೇಲೆ 'ಡಬ್ಲ್ಯೂಎಫ್6 + 100 ಗಜ' ಅಂತ ಬರೆದಿರಬಹುದು, ಅಂದರೆ 6 ವೇಟ್‌ನ ವೇಟ್ ಫಾರ್ವರ್ಡ್ ಲೈನ್ ಜೊತೆಗೆ 100 ಗಜ ಬ್ಯಾಕಿಂಗ್. ಅದು ಅಂದಾಜು ಅಷ್ಟೇ. ಒಂದೇ ವೇಟ್‌ನಲ್ಲಿ ತೇಲುವ ಲೈನ್ ದಪ್ಪ, ಮುಳುಗುವ ಲೈನ್ ತೆಳು. ಡಬಲ್ ಟೇಪರ್ (ಎರಡೂ ತುದಿ ಸಪೂರ, ನಡುವೆಲ್ಲ ದಪ್ಪ ಇರುವ ಲೈನ್) ಹಾಕಿದರೆ ಇನ್ನೂ ಜಾಗ ಬೇಕು. ನಿಮ್ಮ ಮೀನಿಗೆ 75ರಿಂದ 100 ಗಜ ಧಾರಾಳ. ಸರಿಯಾದ ಅಳತೆ ಬೇಕಿದ್ದರೆ ಉಲ್ಟಾ ತುಂಬಿ ನೋಡಿ. ಮೊದಲು ಸ್ಪೂಲ್ ಖಾಲಿ ಮಾಡಿ. ಫ್ಲೈ ಲೈನಿನ ಮುಂದಿನ ತುದಿಯನ್ನು, ಅಂದರೆ ಲೀಡರ್ (ಲೈನಿಗೂ ಟಿಪ್ಪೆಟ್‌ಗೂ ನಡುವೆ ಸಪೂರವಾಗುತ್ತ ಹೋಗುವ ಎಳೆ) ಕಟ್ಟುವ ತುದಿಯನ್ನು, ಸ್ಪೂಲಿಗೆ ಟೇಪ್‌ನಿಂದ ಅಂಟಿಸಿ ಪೂರ್ತಿ ಸುತ್ತಿ. ಅದರ ಹಿಂದಿನ ತುದಿಗೆ ಬ್ಯಾಕಿಂಗ್ ಜೋಡಿಸಿ, ಸ್ಪೂಲ್ ಅಂಚಿಗೆ ನಾಲ್ಕೈದು ಮಿ.ಮೀ. ಉಳಿಯುವ ತನಕ ಸುತ್ತಿ, ಕತ್ತರಿಸಿ. ಈಗ ಎಲ್ಲ ತಲೆಕೆಳಗಾಗಬೇಕು. ಅದಕ್ಕೆ ಎರಡು ಖಾಲಿ ಉರುಳೆ ಬೇಕು. ರೀಲಿನಿಂದ ಒಂದಕ್ಕೆ, ಅದರಿಂದ ಇನ್ನೊಂದಕ್ಕೆ, ಅಲ್ಲಿಂದ ವಾಪಸ್ ರೀಲಿಗೆ. ಒಂದೇ ಉರುಳೆಯಲ್ಲಿ ಮಾಡಿದರೆ ಮತ್ತೆ ಫ್ಲೈ ಲೈನೇ ಅಡಿಗೆ ಹೋಗುತ್ತೆ, ಲೆಕ್ಕ ಹಾಕಿ ನೋಡಿ. ದೊಡ್ಡ ಬಯಲಿದ್ದರೆ ಉರುಳೆ ಬೇಡ. ಕತ್ತರಿಸಿದ ತುದಿಯನ್ನು ಗೂಟಕ್ಕೆ ಕಟ್ಟಿ, ಎಲ್ಲ ಬಿಚ್ಚುತ್ತಾ ನಡೆದು ಹೋಗಿ. ಆಮೇಲೆ ಗೂಟದ ಹತ್ತಿರ ಬಂದು ಆ ತುದಿಯಿಂದಲೇ ಸುತ್ತಿ.

ಅಂಚಿನ ತನಕ ತುಂಬಬೇಡಿ. ಮೀನು ಇರುವಾಗ ಯಾರೂ ನೀಟಾಗಿ ಸುತ್ತಲ್ಲ. ಒಂದು ಕಡೆ ಗುಡ್ಡೆ ಬಿದ್ದು, ಲೈನ್ ರೀಲಿನ ಕಂಬಿಗೆ ಉಜ್ಜುತ್ತೆ.

ಈಗ ಗಂಟು. ಎಲ್ಲವೂ ಬೇಕಾಗಿಲ್ಲ.

ಸ್ಪೂಲಿಗೆ ಆರ್ಬರ್ ಗಂಟು. ದಾರವನ್ನು ಸ್ಪೂಲಿನ ನಡುವಿಗೆ ಒಂದು ಸುತ್ತು ಹಾಕಿ, ಅದರ ತುದಿಯಿಂದ ಉದ್ದನೆ ಎಳೆಯ ಮೇಲೆ ಸಾದಾ ಗಂಟು ಹಾಕಿ. ಅದೇ ತುದಿಯ ಕೊನೆಯಲ್ಲಿ ಇನ್ನೊಂದು ಸಾದಾ ಗಂಟು. ಎಳೆದರೆ ಒಂದಕ್ಕೊಂದು ತಾಗಿ ನಿಲ್ಲುತ್ತೆ. ಮೀನು ಇಲ್ಲಿ ತನಕ ಬಂತು ಅಂದರೆ ಆಟ ಮುಗಿದ ಹಾಗೇ, ಹಾಗಾಗಿ ಇದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ.

ಬ್ಯಾಕಿಂಗ್ ಮತ್ತು ಫ್ಲೈ ಲೈನ್ ಸೇರುವ ಜಾಗ ಮಾತ್ರ ಮುಖ್ಯ. ಈ ಗಂಟು ಓಡುವ ಮೀನಿನ ಎಳೆತದಲ್ಲೇ ರಾಡಿನ ಉಂಗುರಗಳಲ್ಲಿ ತೂರಿ ಹೊರಗೆ ಹೋಗಬೇಕು, ವಾಪಸ್ ಬರಬೇಕು. ಒಂದು ಮೂಲೆ ಚಾಚಿಕೊಂಡಿದ್ದರೂ ತುದಿಯ ಸಣ್ಣ ಉಂಗುರಕ್ಕೆ ಸಿಕ್ಕಿಕೊಳ್ಳುತ್ತೆ. ನಿಮ್ಮ ಲೈನಿಗೆ ಕುಣಿಕೆ ಇರೋದರಿಂದ ಬ್ಯಾಕಿಂಗಿಗೂ ಕುಣಿಕೆ ಮಾಡಿ. ಡಬಲ್ ಸರ್ಜನ್ ಕುಣಿಕೆ ಸಾಕು. ಆದರೆ ದೊಡ್ಡದಿರಲಿ, ಫ್ಲೈ ಲೈನಿನ ಇಡೀ ಸುರುಳಿ ಅದರೊಳಗೆ ತೂರುವಷ್ಟು. ಬ್ಯಾಕಿಂಗಿನ ಕುಣಿಕೆಯನ್ನು ಲೈನಿನ ಕುಣಿಕೆಯೊಳಗೆ ಹಾಕಿ, ಲೈನ್ ಸುರುಳಿಯನ್ನು ಬ್ಯಾಕಿಂಗಿನ ಕುಣಿಕೆಯೊಳಗೆ ತೂರಿಸಿ ಎಳೆಯಿರಿ. ಎರಡೂ ಕುಣಿಕೆ ಸಮವಾಗಿ ಒಂದರೊಳಗೊಂದು ಕೂರಬೇಕು. ಒಂದು ಮಡಚಿ ಇನ್ನೊಂದರ ಕತ್ತು ಹಿಸುಕಿದ ಹಾಗೆ ಕೂತಿದ್ದರೆ ಬಿಚ್ಚಿ ಮತ್ತೆ ಮಾಡಿ. ಹಾಗೆ ಬಿಟ್ಟರೆ ಲೈನಿನ ಮೇಲ್ಪದರ ಕತ್ತರಿಸುತ್ತೆ.

ಕುಣಿಕೆ ಇಲ್ಲದ ಲೈನಿಗೆ ಆಲ್‌ಬ್ರೈಟ್ ಅಥವಾ ನೇಲ್ ಗಂಟು. ಆಲ್‌ಬ್ರೈಟ್‌ನಲ್ಲಿ ಫ್ಲೈ ಲೈನನ್ನೇ ಮಡಚಿ, ಬ್ಯಾಕಿಂಗನ್ನು ಆ ಮಡಿಕೆಯೊಳಗೆ ತೂರಿಸಿ, ಹತ್ತು ಸುತ್ತು ಬಿಗಿಯಾಗಿ ಮಡಿಕೆಯ ಬಾಗಿದ ಕಡೆಗೇ ಸುತ್ತಬೇಕು. ಆಮೇಲೆ ಒಳಗೆ ಹೋದ ಬದಿಯಿಂದಲೇ ಹೊರಗೆ ತರಬೇಕು. ಇನ್ನೊಂದು ಬದಿಯಿಂದ ತಂದರೆ ಗಂಟು ಓರೆಯಾಗುತ್ತೆ. ನೇಲ್ ಗಂಟು ಇದಕ್ಕಿಂತ ಸಪೂರ, ಉಂಗುರದಲ್ಲಿ ಸಲೀಸಾಗಿ ಜಾರುತ್ತೆ. ನನ್ನ ಆಯ್ಕೆ ಕೇಳಿದರೆ ಡಾಕ್ರಾನಿಗೆ ನೇಲ್ ಗಂಟು. ಅದರ ಮೇಲೆ ಬಾಗುವ ಗುಣದ ಅಂಟು ಒಂದು ತೆಳು ಪದರ.

ಲೀಡರ್ ಕಡೆ ನಿಮಗೆ ಕುಣಿಕೆಗೆ ಕುಣಿಕೆ, ಅಷ್ಟೇ. ಮುಂದೆ ಆ ಕುಣಿಕೆ ಬಿರುಕು ಬಿಟ್ಟಾಗ ಕತ್ತರಿಸಿ ನೇಲ್ ಗಂಟು ಹಾಕಿಕೊಳ್ಳಿ. ಟಿಪ್ಪೆಟ್ ಸೇರಿಸೋಕೆ ಸರ್ಜನ್ ಗಂಟು, ಮೂರು ಸಲ ತೂರಿಸಿ. ಎರಡು ಎಳೆಯ ದಪ್ಪ ಬೇರೆ ಬೇರೆ ಇದ್ದರೂ ಹಿಡಿಯುತ್ತೆ. ಬ್ಲಡ್ ಗಂಟು ನೋಡೋಕೆ ಚಂದ, ಆದರೆ ಎರಡೂ ಹತ್ತಿರದ ದಪ್ಪ ಇರಬೇಕು. ದಪ್ಪದ ಲೆಕ್ಕ ಸುಲಭ: 11ರಿಂದ ಎಕ್ಸ್ ಸಂಖ್ಯೆ ಕಳೆಯಿರಿ, ಇಂಚಿನ ಸಾವಿರದ ಪಾಲು ಸಿಗುತ್ತೆ. 3ಎಕ್ಸ್ ಅಂದರೆ ಎಂಟು, ಅಂದರೆ 0.20 ಮಿ.ಮೀ. 5ಎಕ್ಸ್ ಅಂದರೆ ಆರು. ಫ್ಲೈಗೆ ಇಂಪ್ರೂವ್ಡ್ ಕ್ಲಿಂಚ್, ಐದು ಸುತ್ತು. ಇದು ನಿಮಗೆ ಸ್ಪಿನ್ನಿಂಗ್‌ನಿಂದಲೇ ಬರುತ್ತೆ ಅಂದುಕೊಂಡಿದ್ದೇನೆ.

ನೈಲಾನಿನ ಯಾವ ಗಂಟೇ ಆಗಲಿ, ಬಿಗಿಯುವ ಮುಂಚೆ ಎಂಜಲು ಹಚ್ಚಿ. ಒಣಗಿದ್ದನ್ನು ಎಳೆದರೆ ಉಜ್ಜಿ ಬಿಸಿಯಾಗಿ ಎಳೆ ಸೊರಗುತ್ತೆ.

ಉಪ್ಪುನೀರು:

ರೀಲ್ ರಿಪೇರಿಯವರು ಜೆಲ್ ಸ್ಪನ್ ಬಗ್ಗೆ ಒಂದು ಮಾತೂ ಆಡಲಿಲ್ಲ, ಬೇಕೆಂದೇ ಬಿಟ್ಟಿರಬೇಕು 😀 ನಾನು ಸಮುದ್ರದವನು. 8 ವೇಟ್‌ನಿಂದ ಮೇಲಕ್ಕೆ ನನ್ನ ರೀಲ್‌ಗಳಲ್ಲೆಲ್ಲ ಅದೇ. 50 ಪೌಂಡ್ ಜೆಲ್ ಸ್ಪನ್ 20 ಪೌಂಡ್ ಡಾಕ್ರಾನ್‌ಗಿಂತ ತೆಳು. ಬೋನ್‌ಫಿಶ್ ಒಂದೇ ಓಟಕ್ಕೆ ಫ್ಲೈ ಲೈನ್ ದಾಟಿ ಹೋಗುತ್ತೆ, 200 ಗಜ ಬ್ಯಾಕಿಂಗ್ ಬೇಕೇ ಬೇಕು. ಡಾಕ್ರಾನ್ ಅಷ್ಟು ಹಾಕಿದರೆ ಫ್ಲೈ ಲೈನಿಗೆ ಜಾಗವೇ ಉಳಿಯಲ್ಲ. ತೆಳು ದಾರಕ್ಕೆ ನೀರಿನ ಎಳೆತವೂ ಕಮ್ಮಿ.

ಆದರೆ ಅದರ ಕಾಟವೂ ಹೇಳಬೇಕು. ಸಡಿಲವಾಗಿ ಸುತ್ತಿದರೆ ಎಳೆತ ಬಂದಾಗ ಮೇಲಿನ ಸುತ್ತು ಕೆಳಗಿನ ಪದರಗಳ ಮಧ್ಯೆ ಹೂತುಕೊಳ್ಳುತ್ತೆ. ಅಲ್ಲಿ ಸಿಕ್ಕಿ ನಿಂತರೆ ಟಿಪ್ಪೆಟ್ ಪಟ್ ಅಂತ ಹರಿಯುತ್ತೆ. ಒದ್ದೆ ಬಟ್ಟೆಯಲ್ಲಿ ಬಿಗಿಯಾಗಿ ಹಿಡಿದು ಸುತ್ತಬೇಕು. ಮೀನು ಓಡುವಾಗ ಬರಿಗೈ ತಾಗಿಸಿದರೆ ಬ್ಲೇಡ್ ಎಳೆದ ಹಾಗೆ ಕುಯ್ಯುತ್ತೆ. ನುಣುಪು ಬೇರೆ, ಆರ್ಬರ್ ಗಂಟು ಸಮೇತ ಇಡೀ ಸುತ್ತೇ ಸ್ಪೂಲ್ ಮೇಲೆ ಜಾರುತ್ತೆ. ಅದಕ್ಕೇ ಮೊದಲು ಕೆಲವು ಸುತ್ತು ಡಾಕ್ರಾನ್ ಹಾಕಿ, ಅದರ ಮೇಲೆ ಇದನ್ನು ಸುತ್ತುತ್ತೇನೆ. ನೇಲ್ ಗಂಟು ಇದಕ್ಕೆ ಆಗಲ್ಲ, ಲೈನಿನ ಮೇಲ್ಪದರದೊಳಗೆ ಕೊರೆದು ಇಳಿಯುತ್ತೆ. ನಾನು ಬಿಮಿನಿ ಟ್ವಿಸ್ಟ್‌ನಿಂದ ಕುಣಿಕೆ ಮಾಡಿ, ಲೈನಿನ ಕುಣಿಕೆಯಲ್ಲಿ ಎರಡು ಸಲ ಸುತ್ತಿಸುತ್ತೇನೆ. ಭಾರ ಹಂಚಿಹೋಗುತ್ತೆ.

ಹೊಸಗಾಳ ಅವರೇ, 6 ವೇಟ್ ಸಿಹಿನೀರಿಗೆ ಇಷ್ಟೆಲ್ಲ ರಗಳೆ ಬೇಡ.

ರೀಲ್ ರಿಪೇರಿ:

ಬೇಕೆಂದೇ ಬಿಟ್ಟೆ. ಸಣ್ಣ ರೀಲಿಗೆ ಜೆಲ್ ಸ್ಪನ್ ಹಾಕಿದರೆ ಅರ್ಧ ಸ್ಪೂಲೂ ತುಂಬಲ್ಲ. ತುಂಬಿಸೋಕೆ ಇನ್ನೂ ಎಷ್ಟೋ ಉದ್ದ ಬೇಕು, ದುಡ್ಡು ದಂಡ. ಬೋನ್‌ಫಿಶ್ ವಿಷಯಕ್ಕೆ ನಿಮ್ಮ ಮಾತೇ ಸರಿ.

ಹೊಸಗಾಳ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಈಗ ಅರ್ಥ ಆಯ್ತು. ಎರಡೇ ಅನುಮಾನ. ರೀಲಿನಲ್ಲಿರುವ ಹಳೇ ಬಿಳಿ ದಾರ ಡಾಕ್ರಾನೇ ಅಂತ ಹೇಗೆ ಗೊತ್ತು ಮಾಡೋದು? ಮತ್ತೆ ಅದನ್ನೇ ಇಟ್ಟುಕೊಳ್ಳಬಹುದಾ?

ರೀಲ್ ರಿಪೇರಿ:

ಬೆರಳಲ್ಲಿ ಉಜ್ಜಿ ನೋಡಿ. ಹೆಣೆದ ದಾರ, ಮೆತ್ತಗೆ ಚಪ್ಪಟೆಯಾಗುತ್ತೆ, ಸ್ವಲ್ಪ ತರಿ ತರಿ ಅನ್ನಿಸುತ್ತೆ ಅಂದರೆ ಡಾಕ್ರಾನ್. ಮೇಣ ಸವರಿದಷ್ಟು ನುಣುಪಿದ್ದು, ಮೊಂಡು ಕತ್ತರಿಗೆ ಸಿಗದೆ ಜಾರಿದರೆ ಜೆಲ್ ಸ್ಪನ್. ಒಂಟಿ ಎಳೆ, ಗಾಜಿನ ಹಾಗೆ ಹೊಳೆಯುತ್ತಿದ್ದರೆ ನೈಲಾನ್. ಅದಾದರೆ ಕಿತ್ತು ಬಿಸಾಡಿ.

ಡಾಕ್ರಾನ್ ಆಗಿದ್ದರೆ ಮೇಲಿನ ಒಂದು ಮೀಟರ್ ಬಿಚ್ಚಿ, ಎರಡೂ ಕೈಗೆ ಬಟ್ಟೆ ಸುತ್ತಿಕೊಂಡು ಜೋರಾಗಿ ಜಗ್ಗಿ. ಪುಡಿ ಉದುರಿದರೆ, ಎಳೆ ಕೆದರಿದ್ದರೆ ಅಥವಾ ಸುಲಭವಾಗಿ ಹರಿದರೆ ಅಷ್ಟನ್ನು ಕತ್ತರಿಸಿ, ಮುಂದಿನ ಮೀಟರ್ ನೋಡಿ. ಹಾಳಾಗೋದು ಬಹುತೇಕ ಹೊರಗಿನ ಭಾಗ. ಒಳಗಿನದು ಬಿಸಿಲನ್ನೂ ಕಂಡಿರಲ್ಲ, ಉಜ್ಜಿಯೂ ಇರಲ್ಲ. ಅದಕ್ಕೇ ಪೂರ್ತಿ ಬಿಚ್ಚಿ ತಿರುಗಿಸಿ ಸುತ್ತಿದರೆ ಒಳ್ಳೆಯ ತುದಿ ಮೇಲೆ ಬರುತ್ತೆ. ಬಿಚ್ಚುವಾಗ ನಡುವೆ ಎಲ್ಲಾದರೂ ಹಳೇ ಗಂಟು ಸಿಕ್ಕಿದರೆ ಮಾತ್ರ ಇಡೀ ದಾರವನ್ನೇ ಬದಲಾಯಿಸಿ. ಯಾರೋ ಎರಡು ತುಂಡು ಸೇರಿಸಿದ್ದಾರೆ, ಅದನ್ನು ನಂಬೋಕೆ ಆಗಲ್ಲ.

ಉಪ್ಪುನೀರು:

ಆ ರೀಲ್ ಮೊದಲು ಸಮುದ್ರದಲ್ಲಿ ಓಡಾಡಿತ್ತಾ ಅಂತಲೂ ವಿಚಾರಿಸಿ. ಹೆಣೆದ ದಾರ ಉಪ್ಪು ಹೀರಿಕೊಂಡು ಕೂತಿರುತ್ತೆ. ದಾರಕ್ಕೆ ಏನೂ ಆಗಿರಲ್ಲ, ಸ್ಪೂಲಿನ ಲೋಹವನ್ನು ಒಳಗಿಂದ ತಿಂದಿರುತ್ತೆ. ಬಿಚ್ಚಿದಾಗ ಬಿಳಿ ಪುಡಿ ಕಂಡರೆ ಎರಡನ್ನೂ ಸಿಹಿನೀರಲ್ಲಿ ನೆನೆಸಿಡಿ, ಒಣಗಿಸಿ ಸುತ್ತಿ.

ರೀಲ್ ರಿಪೇರಿ:

ಹೌದು, ಅದೊಂದು ಮರೆತಿದ್ದೆ. ಮತ್ತೆ ಹೊಸಗಾಳ ಅವರೇ, ಸುತ್ತೋಕೆ ಕೂರುವ ಮುಂಚೆ ಹಿಡಿ ಎಡಗೈಗಾ ಬಲಗೈಗಾ ಅಂತ ತೀರ್ಮಾನ ಮಾಡಿ. ಸೆಕೆಂಡ್ ಹ್ಯಾಂಡ್ ರೀಲ್‌ನಲ್ಲಿ ಡ್ರ್ಯಾಗ್ (ಮೀನು ಎಳೆಯುವಾಗ ಸ್ಪೂಲನ್ನು ತಡೆಯುವ ಬ್ರೇಕ್) ಹಳೇ ಮಾಲೀಕರ ಕೈಗೆ ಹೊಂದಿಸಿರುತ್ತೆ. ರೀಲನ್ನು ರಾಡಿಗೆ ಹಾಕಿ, ಲೈನ್ ಸ್ಪೂಲಿನ ಕೆಳಗಡೆಯಿಂದ ಮೊದಲ ಉಂಗುರದ ಕಡೆಗೆ ಹೋಗಬೇಕು. ಹಾಗೆ ಎಳೆದಾಗ ಡ್ರ್ಯಾಗ್ ಬಿಗಿ ಇರಬೇಕು, ಒಳಗೆ ಸುತ್ತುವಾಗ ಸಲೀಸಾಗಿ ತಿರುಗಬೇಕು. ಉಲ್ಟಾ ಇದ್ದರೆ ಡ್ರ್ಯಾಗಿನ ದಿಕ್ಕು ಮೊದಲು ಬದಲಾಯಿಸಿ, ಆಮೇಲೆ ಸುತ್ತಿ. ಯಾವ ಮಾದರಿಯ ರೀಲ್ ಅಂತ ಫೋಟೋ ಹಾಕಿದರೆ ಹೇಗೆ ಬಿಚ್ಚೋದು ಅಂತ ಹೇಳುತ್ತೇನೆ.