ಬಚ್ಚಲ ಗ್ಯಾಸ್ ಗೀಸರ್‌ಗೆ ಅಲಾರಂ ಹಾಕಿದರೆ ಸಾಕಾ?

ಪ್ರಶ್ನೆ (ಶಿರಸಿಯಿಂದ): ಡಾಕ್ಟ್ರೇ, ನಮಸ್ಕಾರ. ಹಂಡೆ ಒಲೆ ತೆಗೆಸಿ ಬಚ್ಚಲಿಗೆ ಗ್ಯಾಸ್ ಗೀಸರ್ ಹಾಕಿಸಿದ್ದೇವೆ. ಗೀಸರ್, ಸಿಲಿಂಡರ್ ಎರಡೂ ಒಳಗೇ ಇವೆ. ಮಳೆ, ಥಂಡಿ ಅಂತ ಕಿಟಕಿ ತೆಗೆಯುವುದಿಲ್ಲ. ಮೊನ್ನೆ ಸೊಸೆ ತಲೆಸ್ನಾನ ಮಾಡಿ ಬಂದವಳು ತಲೆ ತಿರುಗಿ ಕೂತುಬಿಟ್ಟಳು. ಜಗುಲಿಯಲ್ಲಿ ಸ್ವಲ್ಪ ಹೊತ್ತು ಗಾಳಿಗೆ ಕೂತ ಮೇಲೆ ಸರಿಯಾಯಿತು. ಬಿಪಿ ಲೋ ಆಗಿರಬೇಕು ಅಂದುಕೊಂಡೆವು. ಅಡುಗೆಮನೆಯಲ್ಲಿ ಗ್ಯಾಸ್ ಲೀಕ್ ಅಲಾರಂ ಇದೆ. ಅಂಥದ್ದೇ ಒಂದು ಬಚ್ಚಲಿಗೂ ಹಾಕಿದರೆ ಸಾಕಾ?

ಡಾಕ್ಟರ್: ಮೊದಲು ಆ ಗೀಸರ್ ಹಚ್ಚುವುದನ್ನು ಇವತ್ತೇ ನಿಲ್ಲಿಸಿ. ಬಿಸಿನೀರು ಒಲೆ ಮೇಲೆ ಕಾಯಿಸಿಕೊಳ್ಳಿ. ಹೊರಗೆ ಬಂದ ಮೇಲೆ ಸರಿಹೋಯಿತು ಅಂದಿರಲ್ಲ, ಬಿಪಿಗಿಂತ ನನಗೆ ಗೀಸರ್ ಮೇಲೇ ಅನುಮಾನ. ಸೊಸೆ ಗರ್ಭಿಣಿಯಾಗಿದ್ದರೆ ಸುಮ್ನೆ ಕೂರಬೇಡಿ, ಆಸ್ಪತ್ರೆಗೆ ತೋರಿಸಿ.

ಗ್ಯಾಸ್ ಚೆನ್ನಾಗಿ ಉರಿಯಲು ಗಾಳಿ ಬೇಕು. ಮುಚ್ಚಿದ ಸಣ್ಣ ಬಚ್ಚಲಲ್ಲಿ ಅದು ಬೇಗ ಕಡಿಮೆಯಾಗುತ್ತದೆ. ಆಗ ಅರೆಬರೆ ಉರಿದು ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆ ಇಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದಲ್ಲಿ ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಆಗಲೂ 98 ಅಂತ ತೋರಿಸಬಹುದು, ಅದನ್ನು ನಂಬಿ ಕೂರುವ ಹಾಗಿಲ್ಲ. ಗೊತ್ತಾಗುವುದು ರಕ್ತಪರೀಕ್ಷೆಯಲ್ಲಿ. ಹಾಗಾಗಿ ಆಸ್ಪತ್ರೆಯಲ್ಲಿ 'ಗ್ಯಾಸ್ ಗೀಸರ್ ಇರೋ ಬಚ್ಚಲಲ್ಲಿ ಹೀಗಾಯಿತು' ಅಂತ ನೀವೇ ಬಾಯಿಬಿಟ್ಟು ಹೇಳಬೇಕು.

ಇನ್ನು ಅಲಾರಂ ವಿಷಯ. ಅಡುಗೆಮನೆಯದ್ದು ಸಿಲಿಂಡರ್ ಗ್ಯಾಸ್ ಸೋರಿದರೆ ಕೂಗುವಂಥದ್ದು. ಕಾರ್ಬನ್ ಮೊನಾಕ್ಸೈಡ್ ಅದಕ್ಕೆ ಗೊತ್ತೇ ಆಗುವುದಿಲ್ಲ. ಬೇಕಿರುವುದು ಬೇರೆ ಯಂತ್ರ, ಅದರ ಮೇಲೆ ಇಎನ್ 50291 (ಯುರೋಪಿನ ಮಾನದಂಡ) ಅಥವಾ ಯುಎಲ್ 2034 (ಅಮೆರಿಕದ್ದು) ಅಂತ ಇರುತ್ತದೆ. ಆದರೆ ಅದನ್ನು ಬಚ್ಚಲ ಒಳಗೆ ಹಾಕುವಂತಿಲ್ಲ, ಹಬೆಗೆ ಸೆನ್ಸರ್ ಕೆಡುತ್ತದೆ. ಹೊರಗೆ ಹಾಕಿದರೆ, ಬಾಗಿಲು ಹಾಕಿಕೊಂಡು ಸ್ನಾನ ಮಾಡುತ್ತಿರುವವರಿಗೆ ಅದರಿಂದ ಏನು ಲಾಭ? ಇನ್ನೊಂದು, ಇಎನ್ ಲೆಕ್ಕದಲ್ಲಿ ಕಾರ್ಬನ್ ಮೊನಾಕ್ಸೈಡ್ 300 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 300 ಭಾಗ) ಇದ್ದರೆ 3 ನಿಮಿಷದೊಳಗೆ ಕೂಗಬೇಕು. 50 ಪಿಪಿಎಂ ಇದ್ದರೆ ಕೂಗಲು 60ರಿಂದ 90 ನಿಮಿಷ. ಅಷ್ಟರಲ್ಲಿ ಮನೆಯವರೆಲ್ಲರ ಸ್ನಾನ ಮುಗಿದಿರುತ್ತದೆ! ಅದಕ್ಕೇ ಹೇಳುವುದು, ಗೀಸರ್ ಹೊರಗೋಡೆಗೆ ಹೋಗಲಿ, ನೀರಿನ ಪೈಪ್ ಮಾತ್ರ ಒಳಗೆ ಬರಲಿ. ಅಲಾರಂ ಆಮೇಲೆ ಮಲಗುವ ಕೋಣೆ ಹತ್ತಿರ ಹಾಕಿ.

ಕಾರವಾರದಿಂದ ಒಬ್ಬರು: ಸರ್, ನಮ್ಮದು ಬಾಡಿಗೆ ಮನೆ. ಅಲಾರಂ ಹಾಕಿಸಿಕೊಡಿ ಅಂತ ಓನರ್‌ಗೆ ಹೇಳಲು ಕಾನೂನು ಏನಾದರೂ ಇದೆಯಾ?

ಡಾಕ್ಟರ್: ನಮ್ಮಲ್ಲಿ ಮನೆಗಳಿಗೆ ಅಂಥ ಕಾನೂನು ಇಲ್ಲ. ಇಂಗ್ಲೆಂಡಿನಲ್ಲಿ 2015ರಲ್ಲಿ ಸೌದೆ, ಕಲ್ಲಿದ್ದಲು ಉರಿಸುವ ಬಾಡಿಗೆ ಮನೆಗಳಿಗೆ ಕಡ್ಡಾಯ ಮಾಡಿದರು. 2022ರ ಅಕ್ಟೋಬರ್‌ನಿಂದ ಗ್ಯಾಸ್ ಬಾಯ್ಲರ್ ಇರುವ ಕೋಣೆಗೂ ಬಂತು. ಹಾಕಿಸುವ ಹೊಣೆ ಓನರ್‌ದೇ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 2011ರಿಂದ ಸ್ವಂತ ಮನೆಗೂ ಬೇಕು. ಇಲ್ಲಿ ನೀವು ಅಗ್ರಿಮೆಂಟ್‌ನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು: ಗೀಸರ್ ಬಾಲ್ಕನಿಯಲ್ಲಿರಬೇಕು, ಐಎಸ್‌ಐ ಗುರುತಿನದ್ದಾಗಿರಬೇಕು. ಹೋಂಸ್ಟೇ ನಡೆಸುವವರು ಈ ಗುಂಪಿನಲ್ಲಿ ಬಹಳ ಜನ ಇದ್ದೀರಿ. ಕಾನೂನು ಬರಲಿ ಅಂತ ಕಾಯಬೇಡಿ. ಬಂದ ಗೆಸ್ಟ್‌ಗೆ ನಿಮ್ಮ ಬಚ್ಚಲ ಕಿಟಕಿ ಯಾಕೆ ತೆಗೆದಿರಬೇಕು ಅನ್ನುವುದು ಹೇಗೆ ಗೊತ್ತಾಗಬೇಕು ಹೇಳಿ?

ಸಿದ್ದಾಪುರದಿಂದ ಒಬ್ಬರು: ಬಾಣಂತಿ ಕೋಣೆಗೆ ಕೆಂಡ ಇಡುತ್ತೇವೆ. ಹೊಗೆ ಪೂರ್ತಿ ಹೋದ ಮೇಲೇ ಒಳಗೆ ತರುವುದು. ತೊಂದರೆ ಇಲ್ಲ ಅಲ್ವಾ?

ಡಾಕ್ಟರ್: ಇದೆ ಅಕ್ಕ. ಹೊಗೆ ಇಲ್ಲದ ಕೆಂಪು ಕೆಂಡವೇ ಈ ವಿಷವನ್ನು ಧಾರಾಳವಾಗಿ ಬಿಡುತ್ತದೆ. ಕಿಟಕಿ ಮುಚ್ಚಿ, ಬಾಗಿಲ ಸಂದಿಗೆ ಬಟ್ಟೆ ತುರುಕಿ, ತೊಟ್ಟಿಲ ಪಕ್ಕ ಅಗ್ಗಿಷ್ಟಿಕೆ ಇಟ್ಟು ಮಲಗಿಸುವುದು ತುಂಬಾ ಅಪಾಯ. ತಾಯಿಗೂ ಕೂಸಿಗೂ ನಿದ್ದೆಯಲ್ಲಿ ಏನೂ ಗೊತ್ತಾಗುವುದಿಲ್ಲ. ಬೆಚ್ಚಗಿರಲು ಕಂಬಳಿ, ಟೊಪ್ಪಿ ಸಾಕು. ಒದ್ದೆ ಬಟ್ಟೆ ಒಣಗಿಸಲು ಕೋಣೆಯಲ್ಲಿ ಕೆಂಡ ಇಡುವವರಿಗೂ, ಕರೆಂಟ್ ಹೋದಾಗ ಜನರೇಟರನ್ನು ಕಿಟಕಿ ಕೆಳಗೆ ಹಚ್ಚುವವರಿಗೂ ಇದೇ ಮಾತು.

ಅದೇ ಕಾರವಾರದವರು: ಒಳಗೆ ಯಾರಾದರೂ ಬಿದ್ದರೆ?

ಡಾಕ್ಟರ್: ಬಾಗಿಲು ಒಡೆದು ಮೊದಲು ಅವರನ್ನು ಹೊರಗಿನ ಗಾಳಿಗೆ ಎಳೆದು ತನ್ನಿ. ನೀವೂ ಒಳಗೆ ನಿಲ್ಲಬೇಡಿ. ಗ್ಯಾಸ್ ಬಂದ್ ಮಾಡಿ 108ಕ್ಕೆ ಫೋನ್ ಮಾಡಿ. ಸಾದಾ ಗಾಳಿಯಲ್ಲಿ ರಕ್ತದಲ್ಲಿರುವ ವಿಷ ಅರ್ಧಕ್ಕಿಳಿಯಲು 4-5 ತಾಸು ಬೇಕು. ಮಾಸ್ಕ್ ಹಾಕಿ ಆಕ್ಸಿಜನ್ ಕೊಟ್ಟರೆ ಒಂದೂವರೆ ತಾಸಿನೊಳಗೆ ಆಗುತ್ತದೆ. ಎದ್ದು ಕೂತು ಮಾತಾಡಿದರು ಅಂತ ಮನೆಯಲ್ಲೇ ಇಟ್ಟುಕೊಳ್ಳಬೇಡಿ. ಕೆಲವರಿಗೆ ವಾರಗಳ ನಂತರ ಮರೆವು ಶುರುವಾಗುವುದುಂಟು.

ಮೊದಲು ಕೇಳಿದವರು: ಪ್ಲಂಬರ್ ಬಂದಿದ್ದಾನೆ ಡಾಕ್ಟ್ರೇ. ಹೊರಗೋಡೆಗೆ ಹಾಕಿದರೆ ಎರಚಲು ಹೊಡೆಯುತ್ತದಂತೆ. ಸುತ್ತ ಶೀಟ್ ಮುಚ್ಚಿಸಲಾ?

ಡಾಕ್ಟರ್: ಮೇಲೊಂದು ಮಾಡು ಸಾಕು. ನಾಲ್ಕೂ ಕಡೆ ಮುಚ್ಚಿದರೆ ಗೀಸರ್‌ಗೆ ಇನ್ನೊಂದು ಬಚ್ಚಲು ಕಟ್ಟಿಸಿದ ಹಾಗೆ. ಬಚ್ಚಲ ಕಿಟಕಿಯಿಂದ ದೂರ ಇರಲಿ, ಇಲ್ಲವಾದರೆ ಬಿಟ್ಟ ಗಾಳಿ ತಿರುಗಿ ಒಳಗೇ ಬರುತ್ತದೆ.